ಅರ್ಧ ಮ್ಯಾರಥಾನಿನ ಪೂರ್ತಿ ಹರಕೆ

ನಮ್ಮ ಮನೆಯವರ ಅಧಿಕಾರ ಹೋದದ್ದು ದೇವದುರ್ಗದ ಕಡೆಯ ಜಾಲಹಳ್ಳಿಯಲ್ಲಿ, ಅವರ ಅಕ್ಕನ ಹೊಸ ಮನೆಯ ಗೃಹಪ್ರವೇಶದ ದಿನ, ಊಟದ ಎರಡನೇ ಪಂಕ್ತಿಯ ನಟ್ಟನಡುವೆ.

ಅಧಿಕಾರ ಎಂದರೆ ಕಚೇರಿಯದಲ್ಲ. ಮಾನವಿಯ ನೀರಾವರಿ ಕಚೇರಿಯಲ್ಲಿ ಅವರು ಗುಮಾಸ್ತರು. ಅಲ್ಲಿ ಅವರಿಗೆ ತಲೆಯ ಮೇಲಿನ ಫ್ಯಾನಿನ ಮೇಲೂ ಅಧಿಕಾರವಿಲ್ಲ. ನಾನು ಹೇಳುತ್ತಿರುವುದು ಹುಗ್ಗಿ ಬಕೇಟಿನ ಅಧಿಕಾರ. ಅವರ ಮನೆತನದಲ್ಲಿ ಲಗ್ನವಿರಲಿ, ಸೀಮಂತದ ಕುಬಸವಿರಲಿ, ಬೆಲ್ಲ ಹಾಕಿದ ಗೋಧಿ ಹುಗ್ಗಿಯ ಬಕೇಟು ನಮ್ಮವರ, ಅಂದರೆ ಹಂಪಯ್ಯನವರ, ಕೈಯಲ್ಲೇ ಇರಬೇಕು. ಅನ್ನ, ಸಾರು, ಹಪ್ಪಳವನ್ನು ಯಾರು ಬೇಕಾದರೂ ಬಡಿಸಬಹುದು. ಹುಗ್ಗಿ ಹಾಗಲ್ಲ. ಅದು ಗಟ್ಟಿ, ಬಿಸಿ, ಭಾರ. ಅದೂ ಅಲ್ಲದೆ ಉಣ್ಣುವವರೆಲ್ಲ "ಸಾಕು, ಸಾಕು" ಎನ್ನುತ್ತಾರೆ. ಯಾವ "ಸಾಕು" ನಿಜವಾಗಿ ಸಾಕು, ಯಾವ "ಸಾಕು" ಇನ್ನೆರಡು ಸೌಟು ಹಾಕು ಎಂಬುದು ಅನುಭವದಿಂದ ಬರಬೇಕು. ನಮ್ಮವರು ಎಲೆಗೆ ಅಡ್ಡ ಹಿಡಿದ ಕೈಯ ಬೆರಳ ಸಂದಿಯಿಂದಲೇ ಹುಗ್ಗಿ ಇಳಿಸಬಲ್ಲವರು. ಅವರು ಬಡಿಸಿದ ಮೇಲೆ ಹಸಿದು ಎದ್ದ ಬೀಗರು ಈ ಜಿಲ್ಲೆಯಲ್ಲಿಲ್ಲ.

ಆ ದಿನ ಒಬ್ಬರ ಎಲೆಗೆ ಬಗ್ಗಿ ಸೌಟು ಚಾಚಿದಾಗ ಅವರ ಬಲ ಮೊಣಕಾಲು "ಕಟ್" ಎಂದಿತು. ಸದ್ದು ಹೆಂಗಸರ ಪಂಕ್ತಿಯಲ್ಲಿದ್ದ ನನಗೂ ಕೇಳಿಸಿತು. ಇಂಥ ಸದ್ದುಗಳಿಗಾಗಿ ನಾನು ಸದಾ ಒಂದು ಕಿವಿ ಬಿಟ್ಟುಕೊಂಡೇ ಇರುತ್ತೇನೆ. ನಮ್ಮವರು ನೆಲಕ್ಕೆ ಕುಸಿದರು. ಬಕೇಟು ಕುಸಿಯಲಿಲ್ಲ. ಅದನ್ನು ಎರಡು ಕೈಯಲ್ಲಿ ಕೂಸಿನಂತೆ ಎತ್ತಿ ಹಿಡಿದಿದ್ದರು.

"ಬಿಡ್ರಿ ಮಾವಾ, ಬಕೇಟು ಬಿಡ್ರಿ," ಎಂದು ಓಡಿ ಬಂದವನು ಪರಮಣ್ಣ, ನಮ್ಮವರ ಅಕ್ಕ ಹುಲಗೆಮ್ಮನ ಮೈದುನ. ಜಾಲಹಳ್ಳಿಯಲ್ಲಿ ಗೊಬ್ಬರದ ಅಂಗಡಿ, ಮೈಮೇಲೆ ಸದಾ ಇಸ್ತ್ರಿ ಮುರಿಯದ ಅಂಗಿ. ಹುಗ್ಗಿ ಬಕೇಟಿನ ಮೇಲೆ ಅವನಿಗೆ ಬಹಳ ದಿನದ ಕಣ್ಣು.

"ನಾ ಬಿಡಂಗಿಲ್ಲ," ಎಂದರು ನಮ್ಮವರು, ನೆಲದಿಂದ.

"ಹುಗ್ಗಿ ಆರಾಕತ್ತದ ಮಾವಾ!"

ಹುಗ್ಗಿ ಆರಬಾರದು. ಬಿಟ್ಟುಕೊಟ್ಟರು.

ಅವರನ್ನು ಎತ್ತಿ ಒಯ್ದು ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಕೂರಿಸಿದರು. ಅದು ಮನೆತನದ ಮುದುಕರ ಸಾಲು. ಪಕ್ಕದ ಕುರ್ಚಿಯಲ್ಲಿ ಜಂಬಮ್ಮ ಅಜ್ಜಿ ಹಾಲಿನಲ್ಲಿ ನೆನೆಸಿದ ಹುಗ್ಗಿಯನ್ನು ವಸಡಿನಿಂದ ಅಗಿಯುತ್ತಿದ್ದಳು. ಇವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಹಂಪ್ಯಾ, ನಿನ್ನವೂ ಹಲ್ಲು ಹೋದವೇನೋ?"

ಹುಲಗೆಮ್ಮ ಸೆರಗಿನಿಂದ ತಮ್ಮನಿಗೆ ಗಾಳಿ ಬೀಸುತ್ತ ತೀರ್ಪು ಕೊಟ್ಟಳು: "ಸುಮ್ನ ಕುಂದ್ರಪ್ಪಾ. ವಯಸ್ಸಾತು. ಸಣ್ಣಾಕಿ ಲಗ್ನದಾಗ ಹುಗ್ಗಿ ಪರಮಣ್ಣ ಹಿಡೀತಾನ. ನಿನಗ ಇಂಥದ್ದೇ ಒಂದು ಕುರ್ಚಿ ಹಾಕಿಸ್ತೀನಿ, ಫ್ಯಾನಿನ ತೆಳಗ."

ಅವಳ ಸಣ್ಣ ಮಗಳ ಲಗ್ನ ದೇವದುರ್ಗದಲ್ಲಿ, ಉಗಾದಿ ಕಳೆದ ಮೇಲೆ. ಮಾನವಿಗೆ ಮರಳುವ ಬಸ್ಸಿನಲ್ಲಿ ನಮ್ಮವರು ಸೀಟು ಖಾಲಿಯಿದ್ದರೂ ಕೂರಲಿಲ್ಲ.

ವಾರ ಕಳೆದ ಮೇಲೆ, ನಾನು ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, ಮೊಬೈಲನ್ನು ನನ್ನ ಮೂಗಿನ ತುದಿಗೆ ಹಿಡಿದರು. ರಾಯಚೂರಿನಲ್ಲಿ ಹಾಫ್ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರ್.

"ಓಡಿ ಮುಗಸ್ತೀನಿ. ಆಮ್ಯಾಲ ಯಾರು ಕುರ್ಚಿ ಹಾಕ್ತಾರ ನೋಡ್ತೀನಿ. ಲಗ್ನದಾಗ ನನ್ನ ಕೈಲೇ ಹುಗ್ಗಿ ಬಡಸ್ತೀನಿ."

"ರೀ, ಕಾಲಿಗೆ ಎಣ್ಣಿ ಹಚ್ಚಿಸ್ಕೊಂತ ಹೇಳೋ ಮಾತೇನ್ರಿ ಇದು?"

"ನೀ ಯಾರಿಗೂ ಹೇಳಬ್ಯಾಡ. ಹುಗ್ಗಿ ಸಲುವಾಗಿ ಓಡಾಕತ್ತಾನ ಅಂದ್ರ ಊರೇ ನಗ್ತದ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ನಾನು ಮಾತನ್ನು ಅಳೆದು ಆಡುವವಳು, ಕೊಟ್ಟರೆ ತಪ್ಪುವವಳಲ್ಲ. ಮುಂದೆ ಆದದ್ದಕ್ಕೆಲ್ಲ ಈ ಗುಣವೇ ಕಾರಣ ಎಂದು ಅವರು ಹೇಳುತ್ತಾರೆ.

ಮೊದಲು ಬೂಟು. ನಮ್ಮ ಪಕ್ಕದ ಮನೆಯ ಖಾಜಾಮಿಯಾಗೆ ಬಜಾರಿನಲ್ಲಿ ಚಪ್ಪಲಿ ಅಂಗಡಿ. ಅಲ್ಲಿ ಗಿಳಿಹಸಿರು ಬಣ್ಣದ ಒಂದು ಜೋಡಿ ಯಾರಿಗೂ ಹೊಂದದೆ ಗಾಜಿನ ಹಿಂದೆ ಮುದಿಯಾಗುತ್ತಿತ್ತು.

"ಅಸಲಿ ಲೆದರ್ ಸಾಬ್ರೇ," ಎಂದರು ಖಾಜಾಮಿಯಾ, ಬೂಟಿಗೆ ಮುತ್ತಿಡುವುದೊಂದನ್ನು ಬಿಟ್ಟು ಎಲ್ಲ ಮಾಡಿ. "ಇದು ಹಾಕ್ಕೊಂಡ್ರ ಕಾಲು ನಿಮ್ಮ ಮಾತು ಕೇಳಂಗಿಲ್ಲ. ತಾನೇ ಹೋಗ್ತದ."

ಕಾಲು ತಾನೇ ಹೋಗುತ್ತಿತ್ತೋ ಏನೋ, ಮಾನವಿಯ ಜನ ಬಿಡಬೇಕಲ್ಲ. ನಮ್ಮ ಕಡೆ ವಯಸ್ಸಾದ ಗಂಡಸು ಬೆಳಿಗ್ಗೆ ರಾಯಚೂರು ರಸ್ತೆಯಲ್ಲಿ ಓಡುತ್ತಿದ್ದಾನೆಂದರೆ ಅದಕ್ಕೆ ಒಂದೇ ಅರ್ಥ: ಬಸ್ಸು ತಪ್ಪಿದೆ. ಮೊದಲ ದಿನ ಹಾಲಿನವನು ಗಾಡಿ ನಿಲ್ಲಿಸಿ, "ಹತ್ರಿ ಸರ್, ಮುಂದಿನ ಸ್ಟಾಪಿನಾಗ ಹಿಡಿಯೂಣು," ಎಂದ. ಬೇಡವೆಂದರೆ ಬೇಜಾರಾಗುತ್ತಾನೆಂದು ಹತ್ತಿದರು. ಎರಡನೇ ದಿನ ಟ್ರ್ಯಾಕ್ಟರ್. ಮೂರನೇ ದಿನ ಒಬ್ಬ ಪುಣ್ಯಾತ್ಮ ಬಸ್ಸನ್ನೇ ಅಡ್ಡಗಟ್ಟಿ ನಿಲ್ಲಿಸಿ ಇವರನ್ನು ಒಳಗೆ ನೂಕಿದ. ರಾಯಚೂರಿನವರೆಗೆ ಟಿಕೆಟ್ ತೆಗೆಸಿ ಮಧ್ಯಾಹ್ನ ಮನೆಗೆ ಬಂದರು. ತರಬೇತಿಯ ಮೊದಲ ವಾರ ಅವರು ಓಡಿದ್ದಕ್ಕಿಂತ ಕುಳಿತು ಪ್ರಯಾಣ ಮಾಡಿದ್ದೇ ಹೆಚ್ಚು.

ಆಮೇಲೆ ಕಾಲುವೆ ದಂಡೆಗೆ ಹೋದರು. ಅಲ್ಲಿ ವಾಹನವಿರಲಿಲ್ಲ, ನಾಯಿಗಳಿದ್ದವು. ಓಟದ ವೇಗ ಸುಧಾರಿಸಿತು. ಎಡ ಹಿಮ್ಮಡಿ ಕೆಟ್ಟಿತು. ಎಡಗಾಲನ್ನು ಉಳಿಸಲು ಬಲಗಾಲ ಮೇಲೆ ಭಾರ ಬಿಟ್ಟರು. ಹಳೆಯ ಮೊಣಕಾಲು ಉಬ್ಬಿ ಸಂತೆಯ ಬದನೆಕಾಯಿಯಂತಾಯಿತು.

ಕಾಲು ಕೆಟ್ಟ ಸುದ್ದಿಗೆ ಮಾತ್ರ ಕಾಲು ಗಟ್ಟಿ. ಮರುದಿನವೇ ಹುಲಗೆಮ್ಮ ಬ್ರೆಡ್ಡು, ಬಾಳೆಹಣ್ಣು, ಪರಮಣ್ಣ ಸಮೇತ ಮಾತಾಡಿಸಲು ಬಂದಳು.

"ಖರೇ ಹೇಳು ಹಂಪ್ಯಾ. ಈ ವಯಸ್ಸಿನಾಗ ಯಾಕ ಓಡಾಕತ್ತಿ?"

ನಮ್ಮವರು ಪರಮಣ್ಣನ ಮುಖ ನೋಡಿ ಬಾಳೆಹಣ್ಣಿಗೆ ಕೈ ಹಾಕಿದರು.

"ಯಾರರೆ ಬೆನ್ನ ಹತ್ಯಾರೇನು?"

"ಇಲ್ಲಕ್ಕಾ."

"ಮತ್ತ ಸುಮ್ಸುಮ್ನ ಯಾವ ಮನಷಾ ಓಡ್ತಾನ?" ಹುಲಗೆಮ್ಮನ ಕೈ ಗಲ್ಲಕ್ಕೆ ಹೋಯಿತು. ಕಣ್ಣು ಅಗಲವಾಯಿತು. "ಯವ್ವಾ! ಹರಕಿ ಹೊತ್ತೀಯೇನೋ?"

ಇಲ್ಲ ಎಂದು ಒಂದು ಮಾತು ಆಗಲೇ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಲ್ಲವೆಂದರೆ ಹುಗ್ಗಿಯ ವಿಷಯ ಹೇಳಬೇಕು. ಅವರು ಬಾಳೆಹಣ್ಣು ಸುಲಿಯತೊಡಗಿದರು.

"ಎಷ್ಟು ದೂರ ಓಡೋದು?"

"ಅರ್ಧ ಅಕ್ಕಾ. ಅರ್ಧ ಮ್ಯಾರಥಾನ್."

"ಅರ್ಧಾನ? ದೇವರಿಗೆ ಯಾರರೆ ಅರ್ಧ ಮಾಡ್ತಾರೇನೋ? ಅರ್ಧ ಜಡಿ ಬೋಳಸ್ತಾರೇನು? ಅರ್ಧ ದೀಡನಮಸ್ಕಾರ ಹಾಕ್ತಾರೇನು? ಪೂರಾ ಓಡು!"

ಪೂರ್ತಿ ಎಂದರೆ ನಲವತ್ತೆರಡು ಕಿಲೋಮೀಟರ್. ನಮ್ಮವರ ಹಣೆಯಲ್ಲಿ ಬೆವರು ಮೂಡಿತು. ಗಾಬರಿಯಲ್ಲಿ ಹೇಳಿಬಿಟ್ಟರು: "ಇಲ್ಲಕ್ಕಾ, ನಾ ಬೇಡ್ಕೊಂಡದ್ದೇ ಅರ್ಧ!"

ಮುಗಿಯಿತು. ಪರಮಣ್ಣ ಕಾಲು ಮಡಚಿ ಸರಿಯಾಗಿ ಕುಳಿತ. ಹುಲಗೆಮ್ಮನ ಕಣ್ಣಲ್ಲಿ ನೀರು ಬಂತು. "ಏನು ಬೇಡ್ಕೊಂಡಿ ಅಂತ ನಾ ಕೇಳಂಗಿಲ್ಲ. ಹೇಳಿದ್ರ ಫಲ ಹೋಗ್ತದ. ನನಗ ಗೊತ್ತದ. ಸಣ್ಣಾಕಿ ಲಗ್ನ ಸುಸೂತ್ರ ಆಗಲಿ ಅಂತ. ಸ್ವಾದರಮಾವ ಅಂದ್ರ ನೀನೋ ತಮ್ಮಾ!"

ಅಂದಿನಿಂದ ನಮ್ಮ ಮನೆಯಲ್ಲಿ ಮೊಟ್ಟೆ ನಿಂತಿತು. ನಮ್ಮವರು ಮಂಚದ ಮೇಲೆ ಮಲಗುವುದು ನಿಂತಿತು. ನಿಲ್ಲದೆ ನಡೆದದ್ದು ಊಹೆಗಳು ಮಾತ್ರ. ಖಾಜಾಮಿಯಾರ ಮನೆಯಾಕೆ ಸುಗ್ರಾ ಬೇಗಂ ಗೋಡೆಯಾಚೆಯಿಂದ ಕೇಳಿದರು: "ಭಾಬಿ, ಮನ್ನತ್, ಹರಕಿ ಅಂತಲ್ಲ? ಯಾತಕ್ಕ?"

"ಹೇಳಂಗಿಲ್ಲರೀ," ಎಂದೆ. ಕೊಟ್ಟ ಮಾತು.

ಸುಗ್ರಾ ಬೇಗಂ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನನಗೆ ಯಾವುದೋ ದೊಡ್ಡ ರೋಗವೆಂದು ನಿರ್ಧರಿಸಿ, ಅಂದಿನಿಂದ ದಿನಾ ಒಂದು ಬಟ್ಟಲು ಗಂಜಿ ಕಳಿಸತೊಡಗಿದರು. ಓಣಿಯ ಹೆಂಗಸರು ನನ್ನ ಕೈಯಿಂದ ಕೊಡ ಕಸಿದುಕೊಂಡು ತಾವೇ ನೀರು ತುಂಬಿದರು. ನಾಲ್ಕನೇ ದಿನದ ಹೊತ್ತಿಗೆ ನನಗೂ ಸ್ವಲ್ಪ ಸುಸ್ತು ಅನಿಸತೊಡಗಿತ್ತು.

ಕಚೇರಿಯ ಸೂಪರಿಂಟೆಂಡೆಂಟ್ ಗುಲಾಮ್ ರಸೂಲ್ ಅವರು ರಜೆ ಚೀಟಿಯಲ್ಲಿ "ಓಟ" ಎಂದು ನೋಡಿ ಮೊದಲು ಕನ್ನಡಕ ತೆಗೆದರು. "ಓಟಕ್ಕ ರಜಾ ಕೊಡಾಕ ರೂಲಿಲ್ಲ ಹಂಪಯ್ಯ."

"ಹರಕಿ ಅಂತ್ರಿ ಸರ್," ಎಂದು ಪಕ್ಕದ ಟೇಬಲ್ಲಿನವರು ಉಸುರಿದರು.

ಸಾಹೇಬರು ಕನ್ನಡಕ ಹಾಕಿಕೊಂಡರು. "ಹರಕಿ... ನನ್ನ ಟ್ರಾನ್ಸ್‌ಫರ್ ಆಗಲಿ ಅಂತಲ್ಲ, ಹೌದಲ್ಲ?"

"ಛೇ ಛೇ ಸರ್!"

ಇಷ್ಟು ಬೇಗ ಛೇ ಛೇ ಅಂದದ್ದರಿಂದ ಅವರ ಸಂಶಯ ಗಟ್ಟಿಯಾಯಿತು. ಓಟದ ಹಿಂದಿನ ದಿನಕ್ಕೂ ಮುಂದಿನ ದಿನಕ್ಕೂ ರಜೆ ಕೊಟ್ಟರು. ತಮ್ಮ ಟೇಬಲ್ ಫ್ಯಾನನ್ನು ನಮ್ಮವರ ಕಡೆ ತಿರುಗಿಸಿದರು.

ಈ ಮಧ್ಯೆ ನಾನು ಅವರನ್ನು ರಾಯಚೂರಿನ ಎಲುಬಿನ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ಮೊಣಕಾಲನ್ನು ಒತ್ತಿದರು, ನಮ್ಮವರು ಕೂಗಿದರು. "ಓಡಬಾರದು. ಮೆಟ್ಟಿಲು ಹತ್ತಬಾರದು. ಭಾರ ಎತ್ತಬಾರದು."

"ಬಗ್ಗಬಹುದಾ ಸರ್?"

"ಯಾಕೆ ಬಗ್ಗಬೇಕು?"

ನಮ್ಮವರು ಪ್ಯಾಂಟಿನ ಮಡಿಕೆ ಇಳಿಸಿ ಎದ್ದರು. ಹೊರಗೆ ಬಂದಾಗ ಮುಖದಲ್ಲಿ ಎಷ್ಟೋ ದಿನದ ನಂತರ ಕಳೆ ಇತ್ತು. "ಡಾಕ್ಟರೇ ಬ್ಯಾಡ ಅಂದಮ್ಯಾಲ ನಾ ಏನು ಮಾಡಾಕ ಬರ್ತದ? ಬಿಟ್ಟುಬಿಡ್ತೀನಿ." ದಾರಿಯಲ್ಲಿ ನನಗೆ ಮಿರ್ಚಿ ಬಜ್ಜಿಯನ್ನೂ ಕೊಡಿಸಿದರು.

ಮನೆಯ ಬಾಗಿಲಲ್ಲಿ ಹುಲಗೆಮ್ಮ ನಿಂತಿದ್ದಳು. ಡಾಕ್ಟರ ಮಾತನ್ನು ನಮ್ಮವರು ಅವಳಿಗೂ ಹೇಳಿದರು.

"ಬಿಡ್ತೀಯಾ? ಹೊತ್ತ ಹರಕಿ ಬಿಟ್ರ ಅದು ಯಾರ ಮ್ಯಾಲ ಬೀಳ್ತದ ಗೊತ್ತದ ಏನು? ನನ್ನ ಮಗಳ ಮ್ಯಾಲ! ಓಡಾಕ ಆಗಲಿಲ್ಲಂದ್ರ ನಡಿ. ನಡಿಯಾಕ ಆಗಲಿಲ್ಲಂದ್ರ ಉರುಳು. ಬಿಡಂಗಿಲ್ಲ." ಆಮೇಲೆ ಅವಳ ಕಣ್ಣು ಮೂಲೆಯ ಹಸಿರು ಬೂಟಿನ ಮೇಲೆ ಬಿತ್ತು. "ಇದೇನಿದು? ಹರಕಿ ಓಟಕ್ಕ ಚರ್ಮದ ಮೆಟ್ಟು ಹಾಕ್ಕೊಂಡು ಹೋಗ್ತೀಯೇನು? ಬರಿಗಾಲಾಗ ಓಡಬೇಕು."

ಅವರಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಮುಳ್ಳು ತಾಗಿದರೂ ತಿಂಗಳು ಮಾಯುವುದಿಲ್ಲ. ನಾನು ಗೋಡೆಯಾಚೆ ಖಾಜಾಮಿಯಾರನ್ನು ಕೂಗಿದೆ. ಅವರು ಬಂದು ವಿಷಯ ಕೇಳಿ, ಬೂಟನ್ನು ಕೈಗೆತ್ತಿಕೊಂಡು, ನಮ್ಮವರ ಮುಖವನ್ನು ಒಮ್ಮೆ, ಬೂಟನ್ನು ಒಮ್ಮೆ ನೋಡಿದರು. ಅವರೊಳಗೆ ವ್ಯಾಪಾರಿ ಮತ್ತು ನೆರೆಯವ ಜಗಳಾಡುವುದು ನನಗೆ ಕಾಣಿಸುತ್ತಿತ್ತು. ಕೊನೆಗೆ ನೆರೆಯವ ಗೆದ್ದ.

"ಇದರಾಗ ಚರ್ಮ ಎಲ್ಲದ ಅಕ್ಕಾ? ಒಂದು ಚೂರೂ ಇಲ್ಲ. ಪೂರಾ ರೆಕ್ಸಿನ್, ಪೂರಾ ಪ್ಲಾಸ್ಟಿಕ್. ಖುದಾ ಕಸಂ!"

"ಅಸಲಿ ಲೆದರ್ ಅಂದಿದ್ರಿ?" ಎಂದರು ನಮ್ಮವರು ಕ್ಷೀಣ ದನಿಯಲ್ಲಿ.

"ಸಾಬ್ರೇ, ನೀವೀಗ ಸುಮ್ನಿರ್ರಿ."

ಪ್ಲಾಸ್ಟಿಕ್ ಕೊಡಕ್ಕೆ ಮೈಲಿಗೆಯಿಲ್ಲದ ಮೇಲೆ ಪ್ಲಾಸ್ಟಿಕ್ ಬೂಟಿಗೂ ಇಲ್ಲವೆಂದು ಹುಲಗೆಮ್ಮ ಒಪ್ಪಿದಳು. ಎರಡಕ್ಕೂ ವಿಭೂತಿ ಬಳಿದಳು.

ಓಟದ ದಿನ ರಾಯಚೂರಿನ ಮೈದಾನದಲ್ಲಿ ಎಲ್ಲರೂ ಎದೆಗೆ ನಂಬರು ಅಂಟಿಸಿಕೊಂಡು ಕುಣಿಯುತ್ತಿದ್ದರು. ನಮ್ಮವರೊಬ್ಬರ ಕೊರಳಲ್ಲಿ ಮಾತ್ರ ಚೆಂಡುಹೂವಿನ ಹಾರವಿತ್ತು. ಹುಲಗೆಮ್ಮ ಜಾಲಹಳ್ಳಿಯಿಂದ ಒಂದು ಟಂಟಂ ಗಾಡಿ ತುಂಬ ಜನ ತಂದಿದ್ದಳು. ನಾನು ನೀರಿನ ಬಾಟಲಿ, ಮುಲಾಮು, ಛತ್ರಿ, ಮೂರು ಥರದ ಬ್ಯಾಂಡೇಜು ಹಿಡಿದು ಹಿಂದೆ ಒಂದು ಆಟೋದಲ್ಲಿ.

ಎಲ್ಲರೂ ಓಡಿದರು. ನಮ್ಮವರೂ ಓಡಿದರು. ಅರ್ಧ ದಾರಿಗೆ ಮುಟ್ಟುವಷ್ಟರಲ್ಲಿ ಎಲ್ಲರೂ ಎಂಬುದು ಕಣ್ಣಿಗೆ ಕಾಣದಾಯಿತು. ರಸ್ತೆಯಲ್ಲಿ ಉಳಿದದ್ದು ಮುಂದೆ ಕುಂಟುವ ನಮ್ಮವರು, ಹಿಂದೆ ಅವರ ವೇಗಕ್ಕೇ ಉರುಳುವ ಆಂಬುಲೆನ್ಸು, ಅದರ ಹಿಂದೆ ಟಂಟಂ, ಅದರ ಹಿಂದೆ ನನ್ನ ಆಟೋ. ದೂರದಿಂದ ನೋಡಿದವರು ಯಾವುದೋ ಮಂತ್ರಿ ಬಂದರೆಂದು ಅಂಗಡಿಯಿಂದ ಹೊರಗೆ ಬಂದರು.

"ಹತ್ರಿ ಸರ್," ಎಂದು ಆಂಬುಲೆನ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ನಮಗೂ ಮನಿ ಮಠ ಅದಾವ."

ಹುಲಗೆಮ್ಮ ಟಂಟಂನಿಂದ ಇಳಿದು ಆಂಬುಲೆನ್ಸಿಗೆ ಅಡ್ಡ ನಿಂತಳು. "ಹರಕಿ ಹೊತ್ತಾವ್ನ ಗಾಡಿ ಹತ್ತಸ್ತೀಯೇನೋ? ನಿನಗ ಮಕ್ಕಳು ಮರಿ ಇಲ್ಲೇನು?"

"ಹರಕಿನಾ?" ಡ್ರೈವರ್ ಚಪ್ಪಲಿ ಕಳಚಿಟ್ಟು ಗಾಡಿ ಓಡಿಸತೊಡಗಿದ.

ಮಾತು ಮುಂದೆ ಹರಿಯಿತು. ಮನೆಗಳಿಂದ ಹೆಂಗಸರು ಕೊಡ ಹಿಡಿದು ಬಂದು ಹಸಿರು ಬೂಟುಗಳ ಮೇಲೆ ನೀರು ಸುರಿದರು. ಬೂಟು ತುಂಬಿ, ಪ್ರತಿ ಹೆಜ್ಜೆಗೂ ಪಚಕ್ ಪಚಕ್ ಎಂದಿತು. ಒಬ್ಬಳು ಬಾಯಿಗೆ ಬೆಲ್ಲ ತುರುಕಿದಳು. ನಾನು ಓಡಿ ಹೋಗಿ ಉಗುಳಿಸಿದೆ. ಹಾಗೇ ಇಳಿದವಳು ಅವರ ಪಕ್ಕದಲ್ಲೇ ನಡೆದೆ. ಮುಖ ಸುಣ್ಣದಂತಿತ್ತು.

"ರೀ, ಸಾಕು. ನಾ ಅಕ್ಕಾರಿಗೆ ಹೇಳ್ತೀನಿ, ಇದು ಹರಕಿ ಅಲ್ಲಂತ. ಹತ್ತಿಬಿಡ್ರಿ."

ಅವರು ನಿಲ್ಲಲಿಲ್ಲ. ಹಲ್ಲು ಕಚ್ಚಿಕೊಂಡೇ ಹೇಳಿದರು: "ಹೇಳಬ್ಯಾಡ ಸೌಭಾಗ್ಯ. ಕುರ್ಚಿ ಹಾಕ್ತಾರ."

ನಾನು ಛತ್ರಿ ಬಿಚ್ಚಿ ಹಿಡಿದೆ.

ಮೈದಾನ ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ, ಭಾಷಣ ಮುಗಿದು, ಉಪ್ಪಿಟ್ಟೂ ತೀರಿತ್ತು. ಗಾಳಿ ತುಂಬಿ ನಿಲ್ಲಿಸಿದ್ದ ದೊಡ್ಡ ಕಮಾನಿನ ಮುಚ್ಚಳ ಬಿಚ್ಚಿದ್ದರು; ಅದು ಉಸ್ಸೆನ್ನುತ್ತ ಬಾಗುತ್ತಿತ್ತು. "ನಿಲ್ಲಸ್ರೋ!" ಎಂದು ಹುಲಗೆಮ್ಮ ಕಿರುಚಿದಳು. ಗಾಳಿ ಯಾರ ಮಾತು ಕೇಳುತ್ತದೆ? ನಮ್ಮವರು ಸರಿಯಾಗಿ ಕೆಳಗೆ ಬಂದಾಗ ಕಮಾನು ಪೂರ್ತಿ ಅವರ ಮೇಲೆ ಮಲಗಿತು. ಒಳಗೆ ಒಂದು ಉಬ್ಬು ಮಾತ್ರ ಕಾಣಿಸುತ್ತಿತ್ತು. ಉಬ್ಬು ಸ್ವಲ್ಪ ಹೊತ್ತು ಎಡಕ್ಕೆ ಹೋಯಿತು. "ಬಲಕ್ಕ! ಬಲಕ್ಕ!" ಎಂದು ಇಡೀ ಜಾಲಹಳ್ಳಿ ಕೂಗಿತು. ಉಬ್ಬು ತಿರುಗಿತು. ಗೆರೆಯ ಆಚೆ ಮೊದಲು ಒಂದು ಚೆಂಡುಹೂವು ಬಂತು. ಆಮೇಲೆ ಅಂಬೆಗಾಲಿಡುತ್ತ ನಮ್ಮವರು ಬಂದರು. ಆಂಬುಲೆನ್ಸಿನ ಡ್ರೈವರ್ ಮೊದಲು ಕಾಲಿಗೆ ಬಿದ್ದ. ಪರಮಣ್ಣ ಎರಡನೆಯವನು.

ಲಗ್ನದ ದಿನ ದೇವದುರ್ಗದ ಕಲ್ಯಾಣ ಮಂಟಪದಲ್ಲಿ ನಮ್ಮವರು ಎಲ್ಲರಿಗಿಂತ ಮೊದಲು ಎದ್ದು, ತೋಳು ಮಡಚಿ, ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಯ ಕಡೆ ನಡೆದರು. ಕುಂಟು ಇತ್ತು, ಆದರೆ ಅದು ಗೆದ್ದವರ ಕುಂಟು. ಹುಗ್ಗಿಯ ಕೊಪ್ಪರಿಗೆ ಹಬೆಯಾಡುತ್ತಿತ್ತು. ಬಕೇಟಿನ ಹಿಡಿಗೆ ಕೈ ಹಾಕಿದರು.

"ಯಪ್ಪಾ, ಬಿಡೋ!" ಹುಲಗೆಮ್ಮ ಓಡಿ ಬಂದಳು. "ಹರಕಿ ಮುಟ್ಟಿಸಿದಾವ ನೀನು. ನಿನ್ನ ಕೈಲೇ ಚಾಕರಿ ಮಾಡಿಸ್ಕೊಂಡ್ರ ನಮಗ ಪಾಪ ಹತ್ತತದ!"

ಎಳೆದೊಯ್ದು ಕೂರಿಸಿದರು. ಈ ಸಲ ಪ್ಲಾಸ್ಟಿಕ್ ಕುರ್ಚಿಯಲ್ಲ, ವೇದಿಕೆಯ ಪಕ್ಕ ಕೆಂಪು ಸೋಫಾ. ಶಾಲು ಹೊದಿಸಿದರು. ಫ್ಯಾನು ಎರಡು. ಮೊದಲ ಎಲೆ ಅವರಿಗೆ. ಎದುರಿಗೆ ಪರಮಣ್ಣ ಬಕೇಟು ಹಿಡಿದು ಬಂದ. ಬಡಿಸಿದ ರೀತಿಯನ್ನು ನಾನು ಹೇಳಬಾರದು, ಆದರೂ ಹೇಳುತ್ತೇನೆ: ಸೌಟಿನ ತುದಿಯಿಂದ, ಅಂಗಿಗೆ ತಾಗದ ಹಾಗೆ, ಚಿಟಿಕೆ ಚಿಟಿಕೆ. ಬೀಗರು "ಸಾಕು" ಎಂದರೆ ಪುಣ್ಯಾತ್ಮ ನಿಜವಾಗಿ ಮುಂದೆ ಹೋಗಿಬಿಡುತ್ತಿದ್ದ! ಬೀಗರ ಸಾಲಿನಲ್ಲಿ ಬೆರಳುಗಳು ಎಲೆಯ ಮೇಲೆ ಖಾಲಿ ಸಂದಿ ಬಿಟ್ಟುಕೊಂಡು ಕಾಯುತ್ತಿದ್ದವು. ನಮ್ಮವರು ಸೋಫಾದಿಂದ ಅದನ್ನೆಲ್ಲ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ನಾನು ಹೆಂಗಸರ ಪಂಕ್ತಿಯಿಂದ ಎದ್ದು ನಿಂತೆ.

"ಅಕ್ಕಾರ, ಇವರ ಹರಕಿ ಇನ್ನೂ ಪೂರ್ತಿ ಮುಟ್ಟಿಲ್ಲ."

ಬ್ಯಾಂಡಿನವರೂ ನಿಲ್ಲಿಸಿದರು.

"ಓಟ ಮುಗಿಸಿ ಈ ಲಗ್ನದಾಗ ನನ್ನ ಕೈಲೇ ಹುಗ್ಗಿ ಬಡಸ್ತೀನಿ ಅಂದಿದ್ರು. ಮೊದಲನೇ ದಿನಾನೇ ನನಗ ಹೇಳ್ಯಾರ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹರಕೆ ಎಂಬ ಮಾತು ಹುಲಗೆಮ್ಮನದು. ಅವಳ ಮಾತನ್ನು ಅವಳಿಗೇ ಮರಳಿಸಿದೆ, ಅಷ್ಟೆ.

"ಅರ್ಧ ಹರಕಿ ಇಟ್ಕೊಂಡು ನನ್ನ ಮಗಳ ತಲಿ ಮ್ಯಾಲ ಅಕ್ಕಿಕಾಳು ಹಾಕಿಸಿದೆಲ್ಲೋ!" ಹುಲಗೆಮ್ಮ ತಲೆ ಬಡಿದುಕೊಂಡಳು. "ಪರಮಣ್ಣಾ, ಕೊಡು ಬಕೇಟು!"

"ಅತ್ತಿಗೀ, ಪಂಕ್ತಿ ನಡದದ..."

"ಕೊಡಂದ್ರ ಕೊಡು!"

ಪರಮಣ್ಣ ಖಾಲಿ ಕೈಯಲ್ಲಿ ಎಲ್ಲಿ ಹೋಗುವುದೆಂದು ತಿಳಿಯದೆ ಸಿಕ್ಕ ಕುರ್ಚಿಯಲ್ಲಿ ಕುಳಿತ. ಪಕ್ಕದಲ್ಲಿ ಜಂಬಮ್ಮ ಅಜ್ಜಿ ಇದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನವೂ ಹೋದವೇನೋ ತಮ್ಮಾ, ಹಲ್ಲು?"

ನಮ್ಮವರು ಶಾಲು ಎಸೆದು ಪಂಕ್ತಿಗೆ ಇಳಿದರು. ಮೊದಲ ಎಲೆಗೆ ಬಗ್ಗಿದಾಗ ಮೊಣಕಾಲು "ಕಟ್" ಎಂದಿತು, ನನಗೆ ಕೇಳಿಸಿತು. ಅವರು ಕೇಳಿಸಿಕೊಳ್ಳಲಿಲ್ಲ. ಆದರೆ ಹೊಸದೊಂದು ಕಷ್ಟ ಎದುರಾಯಿತು. ಯಾರೂ "ಸಾಕು" ಎನ್ನುತ್ತಿಲ್ಲ! ಹರಕೆಯ ಹುಗ್ಗಿ, ಪ್ರಸಾದ; ಬೇಡವೆನ್ನಲು ಯಾರಿಗೆ ಧೈರ್ಯ? ಬೀಗರೆಲ್ಲ ಕೈ ಜೋಡಿಸಿ, ಹಾಕಿದಷ್ಟನ್ನೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ಒಂದು ಕೈಯಾದರೂ ಎಲೆಗೆ ಅಡ್ಡ ಬರಲಿಲ್ಲ. ಇಷ್ಟು ಸುಲಭದ ಪಂಕ್ತಿಯನ್ನು ಅವರು ಜನ್ಮದಲ್ಲಿ ಬಡಿಸಿರಲಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮುಖ ಬಾಡಿತ್ತು.

ಹೆಂಗಸರ ಪಂಕ್ತಿಯಲ್ಲಿ ನನ್ನ ಎಲೆಯ ಮುಂದೆ ನಿಂತರು. ನಾನು ಎರಡೂ ಕೈ ಎಲೆಗೆ ಅಡ್ಡ ಹಿಡಿದೆ.

"ಸಾಕ್ರೀ, ಸಾಕು. ಬೇಕಾದ್ರ ಅರ್ಧ ಸೌಟು."

ಅವ‌ರು ನನ್ನ ಬೆರಳುಗಳನ್ನು ನೋಡಿದರು. ಮುಖ ಅರಳಿತು. ಬಗ್ಗಿ, ಸೌಟು ತುಂಬಿ, ಕಿರುಬೆರಳಿನ ಸಂದಿಯಿಂದ ಒಂದು ತೊಟ್ಟೂ ಕೈಗೆ ತಾಗದಂತೆ ಇಳಿಸುತ್ತ ಹೇಳಿದರು:

"ಅರ್ಧ ನಮ್ಮ ಮನಿತನದಾಗ ನಡಿಯಂಗಿಲ್ಲ."